ಕೈ ಹಿಡಿದು ತಿದ್ದಿಸುವವರು

ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವ ಕೆಲಸ ಹೊರಗೆ ನಿಂತು ನೋಡುವವರಿಗೆ ಬಹಳ ಸುಲಭವಾಗಿ ಕಾಣುತ್ತದೆ. ಅದರ ಕಷ್ಟ ಮಾಡಿದವರಿಗೇ ಗೊತ್ತು. ನೌಕರಿಗೆ ಸೇರಿದ ಮೊದಲ ಕೆಲವು ವರ್ಷ ನಾನು ಒಂದನೆಯ ತರಗತಿಗೆ ಪಾಠ ಮಾಡಿದವಳು. ಬಿ.ಎ., ಬಿ.ಎಡ್. ಮುಗಿಸಿಕೊಂಡು ಪ್ರೌಢಶಾಲೆಗೆ ಬಂದದ್ದು ಆಮೇಲೆ. ಆ ದಿನಗಳಲ್ಲಿ ಕಂಡ ಸಂಗತಿಯೊಂದನ್ನು ಹೇಳುತ್ತೇನೆ. ಕೆಲವು ಮಕ್ಕಳು ನಾವು ಕೈ ಹಿಡಿದ ಕೂಡಲೇ ತಮ್ಮ ಕೈಯನ್ನು ಪೂರಾ ನಮಗೇ ಒಪ್ಪಿಸಿಬಿಡುತ್ತವೆ. ಸ್ಲೇಟಿನ ಮೇಲೆ ಅಕ್ಷರ ಮುತ್ತಿನಂತೆ ಮೂಡುತ್ತದೆ. ಕೈ ಬಿಟ್ಟರೆ ಒಂದು ಸೊನ್ನೆಯೂ ನೆಟ್ಟಗೆ ಬರುವುದಿಲ್ಲ. ಇನ್ನು ಕೆಲವು ಮಕ್ಕಳು ಬಳಪವನ್ನು ಬಿಗಿಯಾಗಿ ಹಿಡಿದು ನಮ್ಮ ಕೈಯೊಂದಿಗೆ ಜಗಳಕ್ಕೇ ಇಳಿಯುತ್ತವೆ. ಅವು ಬರೆದ ‘ಅ’ ಅಷ್ಟಾವಕ್ರ. ಆದರೂ ಹದಿನೈದು ದಿನ ಕಳೆಯುವುದರೊಳಗೆ ತಾವೇ ಬರೆಯುವವು ಇಂಥವೇ.

ಈ ಮಾತು ಈಗ ನೆನಪಾಗಲು ಕಾರಣವಿದೆ. ಐವತ್ತು ದಾಟಿದ ಮೇಲೆ ನಾನೂ ಒಂದು ಬಗೆಯ ಅಕ್ಷರಾಭ್ಯಾಸಕ್ಕೆ ಕುಳಿತೆ. ಸ್ಲೇಟಿನ ಜಾಗದಲ್ಲಿ ಲ್ಯಾಪ್‌ಟಾಪು, ಬಳಪದ ಜಾಗದಲ್ಲಿ ಮೌಸು. ಕೈ ಹಿಡಿಯುವ ಮೇಷ್ಟರು ನನ್ನ ಹೊಟ್ಟೆಯಲ್ಲೇ ಹುಟ್ಟಿದವನು. ಆದರೆ ಅವನು ಕುಳಿತಿರುವುದು ಕೆನಡಾದ ಟೊರಾಂಟೊದಲ್ಲಿ. ನಮಗಿಲ್ಲಿ ಸಾಗರದಲ್ಲಿ ರಾತ್ರಿ ಒಂಬತ್ತಾದಾಗ ಅವನಿಗೆ ಬೇಸಿಗೆಯಾದರೆ ಬೆಳಗಿನ ಹನ್ನೊಂದೂವರೆ, ಚಳಿಗಾಲವಾದರೆ ಹತ್ತೂವರೆ. ಭಾನುವಾರಗಳಂದು ಆ ಹೊತ್ತಿಗೆ ನಮ್ಮಿಬ್ಬರ ತರಗತಿ.

2020ರಲ್ಲಿ ಕೊರೋನಾ ಬಂದು ಶಾಲೆಗಳು ಬಾಗಿಲು ಹಾಕಿದವಲ್ಲ, ಶುರುವಾದದ್ದು ಆಗ. ಸೀಮೆಸುಣ್ಣ ಬಿಟ್ಟು ಬೇರೆ ಆಯುಧ ಹಿಡಿಯದ ನಮ್ಮಂಥವರು ಪಾಠಗಳನ್ನು ಕಂಪ್ಯೂಟರಿಗೆ ಇಳಿಸಬೇಕಾಯಿತು. ಮಗನಿಗೆ ಫೋನು ಮಾಡುತ್ತಿದ್ದೆ. ಅವನು ಅಲ್ಲಿಂದ ಹೇಳುತ್ತಿದ್ದ.

“ಅಮ್ಮಾ, ಎಡಗಡೆ ಮೇಲೆ ಕೆಂಪು ಚುಕ್ಕೆ ಇದೆಯಲ್ಲ, ಅದನ್ನ ಒತ್ತು.”

“ಎಡಗಡೆ ಚುಕ್ಕೆ ಗಿಕ್ಕೆ ಏನೂ ಇಲ್ಲ ಕಣೋ. ಬಲಗಡೆ ಒಂದು ಇಂಟು ಗುರುತು ಇದೆ.”

“ಓ, ನಿಂದು ವಿಂಡೋಸ್ ಅಲ್ವಾ, ಮರ್ತೇ ಹೋಗಿತ್ತು. ಅದೇ ಅದು.”

ಅವನದು ಮ್ಯಾಕ್. ಕಿಟಕಿ ಮುಚ್ಚುವ ಗುಂಡಿ ಅದರಲ್ಲಿ ಎಡಕ್ಕೆ, ನನ್ನದರಲ್ಲಿ ಬಲಕ್ಕೆ. ಒಂದು ಸಾಲನ್ನು ನಕಲು ಮಾಡಲು ಅವನು ಒತ್ತುವ ಕೀಲಿ ಬೇರೆ, ನಾನು ಒತ್ತಬೇಕಾದ್ದು ಬೇರೆ. ನಮ್ಮ ಶಾಲೆಯ ಕಂಪ್ಯೂಟರುಗಳಲ್ಲಿರುವುದು ಉಬುಂಟು. ನಮ್ಮ ಮನೆಯವರ ಫೋನು ಆಂಡ್ರಾಯ್ಡ್. ನೆಂಟರ ಅಡುಗೆಮನೆ ಹೊಕ್ಕಂತೆ ನೋಡಿ. ಎಲ್ಲರ ಮನೆಯಲ್ಲೂ ಉಪ್ಪು ಇರುತ್ತದೆ, ಯಾವ ಗೂಡಿನಲ್ಲಿ ಎಂಬುದು ಆ ಮನೆಯವರಿಗೇ ಗೊತ್ತು. ಹೊರಗೆ ಜಗಲಿಯಲ್ಲಿ ನಿಂತು ಉಪ್ಪು ಎಲ್ಲಿದೆ ಎಂದು ಹೇಳಿಕೊಡಲು ಹೋದರೆ ಸಿಟ್ಟು ಬರುವುದೊಂದೇ ಲಾಭ.

ಕೊನೆಗೆ ಅವನಿಗೂ ಸಾಕಾಯಿತು. ಪುಕ್ಕಟೆ ಸಿಗುವ ಒಂದು ತಂತ್ರಾಂಶವನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಸಿದ. ತೆರೆಯ ಮೇಲೆ ಒಂದು ಸಂಖ್ಯೆ ಮೂಡಿತು. ಅದನ್ನು ಓದಿ ಹೇಳಿದೆ. ‘ಒಪ್ಪಿಗೆಯೇ’ ಎಂದು ಕೇಳಿತು, ಒತ್ತಿದೆ. ಮುಂದಿನ ಕ್ಷಣ ನನ್ನ ಕೈ ಮೌಸಿನ ಮೇಲಿಲ್ಲದಿದ್ದರೂ ಬಾಣ ತಾನೇ ಓಡಾಡತೊಡಗಿತು. ಕಡತ ತೆರೆಯಿತು, ಮುಚ್ಚಿತು, ಅಕ್ಷರಗಳು ತಾವಾಗಿ ಮೂಡಿದವು. ಕಾಫಿ ಹಿಡಿದು ಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತು, “ಏನೇ ಇದು, ಕಂಪ್ಯೂಟರಿನ ಮೈಮೇಲೆ ಬಂದಿದೆಯೇನೇ?” ಎಂದರು. ನಾನು ಉತ್ತರ ಕೊಡಲಿಲ್ಲ. ಆ ಬಾಣ ಒಂದು ಕಡೆ ನಿಂತು ಯೋಚಿಸುವಾಗ ಸಣ್ಣಗೆ ಸುತ್ತು ಹಾಕುತ್ತಿತ್ತು. ಚಿಕ್ಕವನಿದ್ದಾಗ ಲೆಕ್ಕ ಮಾಡುವಾಗ ಪೆನ್ಸಿಲನ್ನು ಅವನು ಹೀಗೇ ತಿರುಗಿಸುತ್ತಿದ್ದ. ವರ್ಷದ ಮೇಲೆ ನಾಲ್ಕು ತಿಂಗಳಾಗಿತ್ತು ಅವನನ್ನು ಕಂಡು. ಅವನ ಕೈ ಮನೆಗೆ ಬಂದ ಹಾಗಾಯಿತು.

ಇದು ನಡೆಯುವುದು ಹೇಗೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಓದಿಕೊಂಡ ಮೇಲೆ ತಿಳಿದದ್ದು, ಅದು ಅಂಥ ಮಾಟವೇನೂ ಅಲ್ಲ. ಕಂಪ್ಯೂಟರಿನ ತೆರೆ ಎಂದರೆ ಒಂದು ಚಿತ್ರ. ಈ ಚಿತ್ರವನ್ನು ಚೌಕ ಚೌಕವಾಗಿ ನೋಡಿ, ಎಲ್ಲಿ ಬದಲಾಯಿತೋ ಅಷ್ಟು ಭಾಗವನ್ನು ಮಾತ್ರ ದೂರದ ಯಂತ್ರಕ್ಕೆ ಕಳಿಸುವುದು. ಅಲ್ಲಿಂದ ತಿರುಗಿ ಬರಬೇಕಾದ್ದು ಇನ್ನೂ ಕಡಿಮೆ: ಬಾಣ ಎಲ್ಲಿಗೆ ಹೋಯಿತು, ಯಾವ ಕೀಲಿ ಒತ್ತಿದರು, ಇಷ್ಟೇ. ಹೋಗುವುದು ಚಿತ್ರ, ಬರುವುದು ಬೆರಳಿನ ಸುದ್ದಿ. ಹಾಗಾಗಿ ಈ ಕಡೆ ವಿಂಡೋಸ್ ಇದ್ದರೇನು, ಆ ಕಡೆ ಮ್ಯಾಕ್ ಇದ್ದರೇನು, ನಡುವೆ ಉಬುಂಟು ಬಂದರೇನು, ತಕರಾರಿಲ್ಲ. ಚಿತ್ರಕ್ಕೆ ಜಾತಿಯಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ಟು ಕುಂಟುವಾಗ ಈ ಚೌಕಗಳು ಕಣ್ಣಿಗೇ ಕಾಣುತ್ತವೆ. ಹೆಂಚು ಹೊದಿಸಿದ ಹಾಗೆ ಒಂದೊಂದಾಗಿ ಬಂದು ಕೂರುತ್ತವೆ.

ಈ ಉಪಾಯವನ್ನು ಬೆಳೆಸಿದವರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನ ಒಂದು ಸಂಶೋಧನಾಲಯದವರು ಮುಖ್ಯರು. ಅದು ಬೆರಳಚ್ಚು ಯಂತ್ರಗಳಿಗೆ ಹೆಸರಾಗಿದ್ದ ಇಟಲಿಯ ಒಲಿವೆಟ್ಟಿ ಕಂಪನಿಯದು. 1990ರ ದಶಕದಲ್ಲಿ ಅಲ್ಲಿ ಹುಟ್ಟಿದ ತಂತ್ರಾಂಶದ ಹೆಸರು ವಿಎನ್‌ಸಿ. ಅದರ ಬಗ್ಗೆ 1998ರಲ್ಲಿ ಲೇಖನ ಬರೆದ ನಾಲ್ವರಲ್ಲಿ ಕ್ವೆಂಟಿನ್ ಸ್ಟ್ಯಾಫರ್ಡ್-ಫ್ರೇಸರ್ ಒಬ್ಬರು. ಈ ಮನುಷ್ಯನ ಇನ್ನೊಂದು ಕಥೆ ನನಗೆ ಬಲು ಇಷ್ಟ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಕಾಫಿ ಪಾತ್ರೆ ಇದ್ದದ್ದು ಒಂದೇ ಕಡೆ. ಬೇರೆ ಕೋಣೆಗಳಿಂದ ಎದ್ದು ಬಂದವರಿಗೆ ಎಷ್ಟೋ ಸಲ ಖಾಲಿ ಪಾತ್ರೆಯ ದರ್ಶನ. 1991ರಲ್ಲಿ ಇವರೂ ಇವರ ಸಂಗಡಿಗರೂ ಆ ಪಾತ್ರೆಯ ಮುಂದೆ ಒಂದು ಕ್ಯಾಮೆರಾ ಇಟ್ಟು, ಕುಳಿತಲ್ಲೇ ಕಾಫಿ ಇದೆಯೋ ಇಲ್ಲವೋ ನೋಡುವ ಹಾಗೆ ಮಾಡಿದರು. 1993ರಲ್ಲಿ ಆ ಚಿತ್ರ ಅಂತರಜಾಲ ಸೇರಿತು. 2001ರವರೆಗೆ ಲೋಕದ ಜನರೆಲ್ಲ ಯಾರದೋ ಕಾಫಿ ಪಾತ್ರೆಯನ್ನು ಇಣುಕಿ ನೋಡಿದರು. ದೂರದ್ದನ್ನು ಕುಳಿತಲ್ಲೇ ನೋಡುವ ಈ ಚಪಲಕ್ಕೆ ಕಾಫಿಯೂ ಒಂದು ಮೂಲವೆಂದರೆ ಮಲೆನಾಡಿನವಳಾದ ನನಗೆ ಸಂತೋಷವಾಗದೆ ಇರುತ್ತದೆಯೇ?

ಆ ಸಂಶೋಧನಾಲಯ 1999ರಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಕೈಸೇರಿ, 2002ರಲ್ಲಿ ಮುಚ್ಚಿಹೋಯಿತು. ಆದರೆ ವಿಎನ್‌ಸಿಯ ಒಳಗುಟ್ಟನ್ನು ಅವರು ಮೊದಲೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು ಎಂಬ ಕರಾರಿನ ಮೇಲೆ. ನಮ್ಮ ಕಡೆ ಒಳ್ಳೆಯ ಬತ್ತದ ಬೀಜವನ್ನು ನಾಲ್ಕು ಮನೆಗೆ ಹಂಚಿಡುವುದಿಲ್ಲವೇ, ಹಾಗೆ. ನಮ್ಮ ಗದ್ದೆ ನೆರೆಗೆ ಹೋದರೂ ಬೀಜ ಊರಿನಲ್ಲಿ ಉಳಿಯುತ್ತದೆ. ಅದರಿಂದ ಟೈಟ್‌ವಿಎನ್‌ಸಿ, ಅಲ್ಟ್ರಾವಿಎನ್‌ಸಿ ಎಂದು ಹಲವು ತಳಿಗಳಾದವು. ಅಲ್ಲಿ ಕೆಲಸ ಮಾಡಿದವರಲ್ಲೇ ಕೆಲವರು ರಿಯಲ್‌ವಿಎನ್‌ಸಿ ಎಂಬ ಕಂಪನಿ ಕಟ್ಟಿದರು.

ಈಗ ಸಿಗುವ ಪುಕ್ಕಟೆಗಳಲ್ಲೂ ಎರಡು ಬಗೆ. ಟೀಮ್‌ವ್ಯೂವರ್, ಎನಿಡೆಸ್ಕ್ ಎಂಬ ಎರಡು ಜರ್ಮನಿಯವು. ಸ್ವಂತ ಬಳಕೆಗೆ ಕಾಸಿಲ್ಲ, ಕಚೇರಿ ವ್ಯಾಪಾರಕ್ಕಾದರೆ ದುಡ್ಡು. ಗೂಗಲ್ಲಿನವರ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ಗೆ ಜಿಮೇಲ್ ಖಾತೆಯೊಂದಿದ್ದರೆ ಸಾಕು. ಇನ್ನೊಬ್ಬರ ಸಹಾಯ ಬೇಕೆಂದಾಗ ಅದು ಹನ್ನೆರಡು ಅಂಕಿಯ ಸಂಖ್ಯೆ ಕೊಡುತ್ತದೆ. ಐದು ನಿಮಿಷದಲ್ಲಿ ಅದರ ಆಯುಸ್ಸು ಮುಗಿಯುತ್ತದೆ. ಎರಡನೆಯ ಬಗೆಯದು ರಸ್ಟ್‌ಡೆಸ್ಕ್‌ನಂಥದ್ದು, ಒಳಗುಟ್ಟನ್ನು ಬಿಚ್ಚಿಟ್ಟಿರುವಂಥದ್ದು. ನಾವು ಮೊದಲು ಹಾಕಿಕೊಂಡಿದ್ದರ ಹೆಸರು ಬೇಡ. ಐದಾರು ತಿಂಗಳಾದ ಮೇಲೆ ‘ನೀವು ಇದನ್ನು ವ್ಯಾಪಾರಕ್ಕೆ ಬಳಸುತ್ತಿರುವಂತಿದೆ’ ಎಂದು ಹೇಳಿ ನಡುವೆಯೇ ಕಡಿದುಹಾಕಲು ಶುರುಮಾಡಿತು. ತಾಯಿ ಮಗನ ನಡುವೆ ಎಂಥ ವ್ಯಾಪಾರವೋ ಭಗವಂತನೇ ಬಲ್ಲ. ಆಮೇಲೆ ರಸ್ಟ್‌ಡೆಸ್ಕ್‌ಗೆ ಬಂದೆವು.

ಕಲಿತದ್ದನ್ನು ಇನ್ನೊಬ್ಬರಿಗೆ ಹೇಳದಿದ್ದರೆ ಮೇಷ್ಟರ ಜಾತಿಗೆ ನಿದ್ದೆ ಬಾರದು. ಹೊಸನಗರದ ಕಡೆ ತೋಟದ ಮನೆಯಲ್ಲಿರುವ ನನ್ನ ಅಣ್ಣನ ಹತ್ತಿರ ಒಂದು ಹಳೆಯ ಕಂಪ್ಯೂಟರಿದೆ. ಅಡಿಕೆಯ ಲೆಕ್ಕ, ಕೂಲಿಯ ಲೆಕ್ಕ, ಪಹಣಿಯ ಪ್ರತಿ ಎಲ್ಲ ಅದರೊಳಗೆ. ಏನಾದರೂ ತೊಡಕಾದರೆ ಅಣ್ಣ ಫೋನು ಮಾಡಿ, “ತಂಗೀ, ಒಂದ್ಸಲ ಬಂದು ಹೋಗೇ” ಎನ್ನುತ್ತಾನೆ. ಬಸ್ಸು ಹತ್ತುವುದು ಬೇಡ, ಅವನು ಸಂಖ್ಯೆ ಓದುತ್ತಾನೆ, ನಾನು ಹೋಗುತ್ತೇನೆ. ಅತ್ತಿಗೆ ಹಿಂದಿನಿಂದ “ಬಂದ್ಳಾ? ಊಟ ಆಯ್ತಾ ಕೇಳಿ” ಎನ್ನುವುದು ಫೋನಿನಲ್ಲಿ ಕೇಳಿಸುತ್ತದೆ. ಕಳೆದ ವರ್ಷ ಅಡಿಕೆ ಮಾರಿದ ದುಡ್ಡು ಖಾತೆಗೆ ಬಿದ್ದ ಸಮಯದಲ್ಲಿ ಅಣ್ಣನಿಗೊಂದು ಕರೆ ಬಂತು. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ದಾಖಲೆ ಹಳೆಯದಾಗಿದೆ, ಖಾತೆ ನಿಂತುಹೋಗುತ್ತದೆ, ಫೋನಿಗೆ ಇಂಥದ್ದನ್ನು ಹಾಕಿಕೊಂಡು ಸಂಖ್ಯೆ ಹೇಳಿ.’ ಅಣ್ಣ ಕನ್ನಡಕ ಹುಡುಕತೊಡಗಿದ. ಅತ್ತಿಗೆ ಕೇಳಿದ್ದು ಒಂದೇ ಮಾತು. “ತಂಗಿ ಬರುವಾಗ ನಾವೇ ಕರೀತೇವೆ. ಕರೀದೆ ಬರೋಕೆ ಇವರ‍್ಯಾರು?” ಅಣ್ಣ ಫೋನು ಇಟ್ಟ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ಅತ್ತಿಗೆ ಹೇಳಿದ ಆ ಮಾತಿಗಿಂತ ಚಂದದ ಎಚ್ಚರಿಕೆಯನ್ನು ನಾನು ಎಲ್ಲೂ ಓದಿಲ್ಲ.

ಎಲ್ಲರ ಮನೆಯಲ್ಲೂ ಅಂಥ ಅತ್ತಿಗೆ ಇರುವುದಿಲ್ಲ. ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿಗೂ ಅಂಥದ್ದೇ ಕರೆ ಬಂದಿತ್ತು. ಮನೆಯಲ್ಲಿ ಒಬ್ಬರೇ. ಸಂಖ್ಯೆ ಓದಿ ಹೇಳಿದರು, ಒಪ್ಪಿಗೆ ಒತ್ತಿದರು. ಅವರು ಯಾವ ಗುಟ್ಟನ್ನೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಫೋನಿನ ತೆರೆ ಆ ಕಡೆಯವನಿಗೆ ಕಾಣುತ್ತಿತ್ತು. ಬ್ಯಾಂಕು ಕಳಿಸಿದ ಓಟಿಪಿ ಇವರ ಫೋನಿಗೆ ಬಂದಾಗ ಅವನೂ ಓದಿಕೊಂಡ. ನಿವೃತ್ತಿಯಾದಾಗ ಬಂದ ಹಣದಲ್ಲಿ ದೊಡ್ಡ ಪಾಲು ಹೋಯಿತು. ಹಣಕ್ಕಿಂತ ಹೆಚ್ಚಾಗಿ ನಾಚಿಕೆ ಅವರನ್ನು ತಿಂದಿತು. ಮಗಳಿಗೂ ಹೇಳದೆ ಮೂರು ದಿನ ಕಳೆದರು. ಹಣ ಹೋದ ಕೂಡಲೇ 1930ಕ್ಕೆ ಫೋನು ಮಾಡಿದರೆ ಅದು ಮುಂದೆ ಹೋಗುವುದನ್ನು ತಡೆಯುವ ಅವಕಾಶವಿರುತ್ತದೆ. ಮೂರು ದಿನವೆಂದರೆ ಬಹಳ ದೂರ ಹೋಗಿರುತ್ತದೆ. ವರ್ಷಾವಧಿ ನಡೆಯುವ ನಮ್ಮ ಹಳೆಯ ಶಿಕ್ಷಕರ ಕೂಟಕ್ಕೆ ಅವರು ಈಗ ಬರುವುದಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವನಿಗೆ ಹೀಗಾಯಿತಲ್ಲ ಎಂಬುದು ಅವರ ಕೊರಗು. ಅವರಿಗಾದದ್ದು ಬುದ್ಧಿ ಸಾಲದೆ ಅಲ್ಲ. ನಯವಾದ ಮಾತಿನಲ್ಲಿ ‘ನಾನು ಮಾಡಿಕೊಡುತ್ತೇನೆ ಸಾರ್’ ಎಂದವನನ್ನು ನಂಬಿದರು. ಮಗನೂ ನನಗೆ ಹೇಳುವುದು ಅದೇ ಮಾತನ್ನಲ್ಲವೇ?

2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕು ಎನಿಡೆಸ್ಕ್‌ನ ಹೆಸರು ಹೇಳಿ, ಇದನ್ನು ಹಾಕಿಸಿ ಮೋಸ ಮಾಡುವವರಿದ್ದಾರೆಂದು ಬ್ಯಾಂಕುಗಳನ್ನು ಎಚ್ಚರಿಸಿತ್ತು. ದೋಷ ತಂತ್ರಾಂಶದ್ದಲ್ಲ, ಅದು ಬರೀ ಕೀಲಿಕೈ. ಕೀಲಿಕೈ ಯಾರಿಗೆ ಕೊಟ್ಟೆವು ಎಂಬುದು ಮುಖ್ಯ. ಕರೆಯದೆ ಬಂದವರಿಗೆ ಸಂಖ್ಯೆ ಹೇಳಬಾರದು. ಬೇರೆಯವರು ತೆರೆಯ ಮೇಲಿರುವಾಗ ಬ್ಯಾಂಕಿನ ಕೆಲಸಕ್ಕೆ ಕೈ ಹಾಕಬಾರದು. ಕೆಲಸ ಮುಗಿದೊಡನೆ ಬಾಗಿಲು ಹಾಕಿ ಅಗುಳಿ ಇಕ್ಕಬೇಕು. ನಮ್ಮ ಶಾಲೆಯ ತಾಯಂದಿರ ಸಭೆಯಲ್ಲಿ ನಾನು ಹೇಳುವುದು ಇಷ್ಟೇ, ಜೊತೆಗೆ ಅತ್ತಿಗೆಯ ಮಾತು.

ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಹತ್ತು ಕಂಪ್ಯೂಟರುಗಳಿವೆ. ಹೊಸದಾಗಿ ಬಂದ ಕಿರಿಯ ಮೇಷ್ಟರೊಬ್ಬರು ಅಲ್ಲಿ ವೆಯಾನ್ ಎಂಬ ತಂತ್ರಾಂಶ ಹಾಕಿದ್ದಾರೆ. ಇದೂ ಪುಕ್ಕಟೆ, ವಿಂಡೋಸಿಗೂ ಆಗುತ್ತದೆ, ಉಬುಂಟುಗೂ ಆಗುತ್ತದೆ. ಇದರೊಳಗೂ ಕೆಲಸ ಮಾಡುವುದು ಆ ವಿಎನ್‌ಸಿಯ ಉಪಾಯವೇ. ಮೇಷ್ಟರ ಮೇಜಿನಿಂದ ಹತ್ತೂ ಮಕ್ಕಳ ತೆರೆ ಸಣ್ಣ ಸಣ್ಣ ಚೌಕಗಳಾಗಿ ಕಾಣುತ್ತದೆ. ಅದರಲ್ಲಿ ಎರಡು ಗುಂಡಿಗಳಿವೆ. ಒಂದು ದೂರದಿಂದ ನೋಡಲಿಕ್ಕೆ, ಇನ್ನೊಂದು ದೂರದಿಂದ ಹಿಡಿತಕ್ಕೆ ತೆಗೆದುಕೊಳ್ಳಲಿಕ್ಕೆ. ಒಂದು ದಿನ ಅವರು ರಜೆಯಲ್ಲಿದ್ದಾಗ ನಾನು ಆ ಮೇಜಿನ ಮುಂದೆ ಕುಳಿತೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶರಾವತಿಯ ಬಗ್ಗೆ ಬರೆಯುತ್ತಿದ್ದಳು. ‘ಲಿಂಗನಮಕ್ಕಿ’ಯ ಒತ್ತಕ್ಷರ ಅವಳಿಗೆ ಬರುತ್ತಿಲ್ಲ. ಅಳಿಸುತ್ತಾಳೆ, ಬರೆಯುತ್ತಾಳೆ, ಮತ್ತೆ ಅಳಿಸುತ್ತಾಳೆ. ನನ್ನ ಬೆರಳು ಎರಡನೆಯ ಗುಂಡಿಯ ಮೇಲೇ ಇತ್ತು. ಒತ್ತಿದ್ದರೆ ಅರೆಕ್ಷಣದ ಕೆಲಸ. ಒತ್ತಲಿಲ್ಲ. ಏಳನೆಯ ಸಲವೋ ಎಂಟನೆಯ ಸಲವೋ ಒತ್ತಕ್ಷರ ಬಂತು. ಬಂದೊಡನೆ ಅವಳು ಪಕ್ಕದವಳ ಭುಜ ತಟ್ಟಿ ತೋರಿಸಿದಳು.

ಆ ಸಂಜೆ ಮನೆಗೆ ನಡೆದು ಬರುವಾಗ ನನ್ನ ಭಾನುವಾರಗಳು ನೆನಪಾದವು. ಹಲವು ತಿಂಗಳಿಂದ ನಾನು ಸಂಖ್ಯೆ ಓದುತ್ತಿದ್ದೆ, ಮಗ ಬರುತ್ತಿದ್ದ, ಹತ್ತು ನಿಮಿಷದಲ್ಲಿ ವಾರದ ತೊಡಕುಗಳೆಲ್ಲ ಮಾಯ. ಉಳಿದ ಹೊತ್ತು ಮಾತು. ಅಲ್ಲಿ ಹಿಮ ಬಿತ್ತೋ, ಸಾರಿಗೆ ಏನು ಹಾಕಿದೆ, ನೆಗಡಿ ಹೋಯಿತೋ. ತೊಡಕು ಇಲ್ಲದ ವಾರ ಅವನ ಕರೆ ಎರಡೇ ನಿಮಿಷ. ಅವನಿಗೂ ಅಲ್ಲಿ ತೊಳೆಯುವ ಬಟ್ಟೆ, ತರುವ ಸಾಮಾನು ಇರುತ್ತವಲ್ಲ. ಬರಬರುತ್ತಾ ನನ್ನ ಮನಸ್ಸು ತೊಡಕನ್ನೇ ಹಾರೈಸತೊಡಗಿತ್ತು. ಶನಿವಾರದ ಹೊತ್ತಿಗೆ ಒಂದೆರಡು ಪ್ರಶ್ನೆ ಕೂಡಿಟ್ಟುಕೊಳ್ಳುತ್ತಿದ್ದೆ. ಕಲಿತುಬಿಟ್ಟರೆ ಆ ಬಾಣ ಯಾಕೆ ಬಂದೀತು?

ಮುಂದಿನ ಭಾನುವಾರ ಅಂಕಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಕೆಲಸವಿತ್ತು. ಅವನು ಬಂದ, ಬಾಣ ಓಡತೊಡಗಿತು. ನಾನು ಹೇಳಿದೆ, “ಕೈ ಬಿಡೋ, ನಾನೇ ಮಾಡ್ತೀನಿ. ನೀನು ಸುಮ್ನೆ ನೋಡ್ತಾ ಇರು.”

“ಅಯ್ಯೋ, ಎರಡು ನಿಮಿಷದ ಕೆಲಸ ಅಮ್ಮಾ. ಮಾಡಿಬಿಡ್ತೀನಿ.”

“ನಿಂಗೆ ಎರಡು ನಿಮಿಷ. ನಂಗೆ ಇಪ್ಪತ್ತು. ಇದ್ದರೆ ಇರಲಿ.”

ಅವನು ಕೈ ತೆಗೆದ. ನಿಜವಾಗಿ ಇಪ್ಪತ್ತಕ್ಕಿಂತ ಹೆಚ್ಚೇ ಹಿಡಿಯಿತು. ಅವನು ಅಲ್ಲಿ ನೋಡುತ್ತಿದ್ದಾನೆಂದು ತಿಳಿದಿದ್ದರಿಂದಲೋ ಏನೋ ಕೈ ಬೆವರಿತು. ಮುಗಿದಾಗ ಅವನು, “ಪರವಾಗಿಲ್ವೇ!” ಎಂದ. ಮಕ್ಕಳಿಗೆ ಸಾವಿರ ಸಲ ಹೇಳಿದ ಮಾತು ನನಗೆ ಯಾರೂ ಹೇಳಿರಲಿಲ್ಲ.

ಹೆದರಿದ್ದು ಸುಳ್ಳಾಗಲಿಲ್ಲ. ಕಲಿಯುತ್ತಾ ಹೋದ ಹಾಗೆ ಅವನು ಬರುವುದು ಕಡಿಮೆಯಾಯಿತು. ಕೆಲವು ಭಾನುವಾರ ಬರೀ ಫೋನು, ಕೆಲವು ಭಾನುವಾರ ಅದೂ ಇಲ್ಲ. ನಮ್ಮ ಮನೆಯವರು ಟಿ.ವಿ. ನೋಡುವಾಗ ನಾನು ಸುಮ್ಮನೆ ಲ್ಯಾಪ್‌ಟಾಪು ತೆರೆದು ಕೂರುತ್ತಿದ್ದೆ. ಬಾಣ ಇಟ್ಟಲ್ಲೇ ಇರುತ್ತಿತ್ತು. ಬೇಸರವಾಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೂ ಬೇಕೆಂದೇ ಬಾರದವಳಂತೆ ನಟಿಸುವುದು ನನ್ನಿಂದಾಗಲಿಲ್ಲ. ಮೇಷ್ಟರ ಮುಂದೆ ಮಕ್ಕಳು ಹಾಗೆ ನಟಿಸಿದರೆ ಗೊತ್ತಾಗಿಬಿಡುತ್ತದೆ. ಅವನಿಗೂ ಗೊತ್ತಾಗುತ್ತಿತ್ತು.

ಹೋದ ಅಕ್ಟೋಬರಿನಲ್ಲಿ ಒಂದು ಭಾನುವಾರ ಅವನೇ ಫೋನು ಮಾಡಿದ. ಅಲ್ಲಿಯ ಕನ್ನಡದ ಗೆಳೆಯರೆಲ್ಲ ಸೇರಿ ರಾಜ್ಯೋತ್ಸವ ಮಾಡುತ್ತಿದ್ದಾರಂತೆ. ಆಮಂತ್ರಣ ಬರೆಯುವ ಕೆಲಸ ಇವನ ಪಾಲಿಗೆ. “ಅಮ್ಮಾ, ಒಂದ್ಸಲ ಬಂದು ನೋಡ್ತೀಯಾ?” ಎಂದ. ಈ ಸಲ ಸಂಖ್ಯೆ ಓದಿದವನು ಅವನು. ಅವನ ಮ್ಯಾಕ್ ಬಹಳ ಶಿಸ್ತಿನದು. ತೆರೆ ತೋರಿಸಲು ಒಂದು ಅನುಮತಿ, ಮುಟ್ಟಲು ಬಿಡಲು ಇನ್ನೊಂದು ಅನುಮತಿ, ಎರಡನ್ನೂ ಯಜಮಾನನೇ ಕೂತು ಕೊಡಬೇಕು. ಎರಡನ್ನೂ ಕೊಟ್ಟ. ಅವನ ತೆರೆ ನನ್ನ ಮುಂದೆ ತೆರೆದುಕೊಂಡಿತು. ಹಿನ್ನೆಲೆಯಲ್ಲಿ ಜೋಗದ ಚಿತ್ರ. ಆಮಂತ್ರಣದ ಮೊದಲ ಸಾಲಿನಲ್ಲೇ ‘ಆರ್ದಿಕ ಸ್ವಾಗತ’, ಕೆಳಗೆ ‘ಅದ್ಯಕ್ಷತೆ’.

ನಾನು ಬಾಣವನ್ನು ‘ಅದ್ಯಕ್ಷತೆ’ಯ ಕೆಳಗೆ ಒಯ್ದು ನಿಲ್ಲಿಸಿದೆ.

“ಏನು, ತಪ್ಪಿದೆಯಾ?”

“ನೀನೇ ನೋಡು.”

“ನೀನೇ ಸರಿಮಾಡಿಬಿಡೇ. ಮುಟ್ಟೋಕೂ ಅನುಮತಿ ಕೊಟ್ಟಿದೀನಲ್ಲ.”

“ಕೊಟ್ಟಿದ್ದು ಗೊತ್ತು.”

ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ ದಕಾರ ಅಳಿಸಿತು, ಧಕಾರ ಬಂತು. ನಾನು ಬಾಣವನ್ನು ಮೊದಲ ಸಾಲಿಗೆ ಒಯ್ದೆ. ಐದು ನಿಮಿಷದಲ್ಲಿ ಮುಗಿಯಬಹುದಾದ ಒಂದು ಪುಟದ ಆಮಂತ್ರಣಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಇಬ್ಬರಿಗೂ ಅವಸರವಿರಲಿಲ್ಲ.